ಪರದೇಶಿಯೂ ಬೀಜಿಂಗಿನ ಸುರಂಗ ರೈಲೂ

ನಮ್ಮ ಭಾಷೆಯಲ್ಲಿ "ಪರದೇಶಿ" ಎಂಬ ಮಾತಿಗೆ ಎರಡು ಅರ್ಥಗಳುಂಟು. ಪರದೇಶದಿಂದ ಬಂದವನು ಎಂಬುದು ಒಂದು. ದಿಕ್ಕಿಲ್ಲದವನು, ಕೇಳುವವರಿಲ್ಲದವನು ಎಂಬುದು ಇನ್ನೊಂದು. ಈ ಎರಡು ಅರ್ಥಗಳೂ ಒಂದೇ ಮಾತಿನಲ್ಲಿ ಮನೆಮಾಡಿಕೊಂಡಿರುವುದು ಆಕಸ್ಮಿಕವೆಂದು ನಾವು ತಿಳಿಯುವುದಿಲ್ಲ. ಭಾಷೆ ತಿಳಿಯದ, ನಾಣ್ಯದ ಪರಿಚಯವಿಲ್ಲದ, ದಾರಿ ಕೇಳಿದರೆ ಬಂದ ಉತ್ತರವೇ ಅರ್ಥವಾಗದ ಊರಿನಲ್ಲಿ ಇಳಿದವನು ಸ್ವದೇಶದಲ್ಲಿ ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಅರ್ಧ ಗಳಿಗೆಯಲ್ಲಿ ಮೊದಲನೆಯ ಅರ್ಥದಿಂದ ಎರಡನೆಯ ಅರ್ಥಕ್ಕೆ ಜಾರಿಬಿಡುತ್ತಾನೆ. ಆದುದರಿಂದ ಒಂದು ನಗರದ ವ್ಯವಸ್ಥೆ ಯೋಗ್ಯವಾದುದೋ ಅಲ್ಲವೋ ಎಂದು ಅಳೆಯಬೇಕಾದಲ್ಲಿ ಈ ಒಂದು ಪ್ರಶ್ನೆಯನ್ನು ಕೇಳಿದರೆ ಸಾಕು: ಅಲ್ಲಿ ಪರದೇಶಿಯು ಯಾರ ಕೈಕಾಲನ್ನೂ ಹಿಡಿಯದೆ, ಸಲ್ಲಬೇಕಾದ ದುಡ್ಡನ್ನು ಸಲ್ಲಿಸಿ, ಮಾನವಾಗಿ ತಾನು ಹೋಗಬೇಕಾದಲ್ಲಿಗೆ ಹೋಗಬಲ್ಲನೆ? ಈ ಅಳತೆಗೋಲನ್ನು ಚೀನಾದೇಶದ ರಾಜಧಾನಿಯಾದ ಬೀಜಿಂಗಿನ ಸುರಂಗ ರೈಲಿಗೆ ಹಿಡಿದು ನೋಡುವುದು ಇಂದಿನ ಲೇಖನದ ಉದ್ದೇಶ.

ಈ ವಿಷಯವನ್ನು ಈಗ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. 2020ರಲ್ಲಿ ನಿಂತುಹೋದ ಭಾರತ-ಚೀನಾ ನೇರ ವಿಮಾನ ಸಂಚಾರವು ಐದು ವರ್ಷಗಳಿಗೂ ಮೇಲ್ಪಟ್ಟು ಕಳೆದ ನಂತರ 2025ರ ಅಕ್ಟೋಬರ್ ತಿಂಗಳ ಕಡೆಯಲ್ಲಿ ಕಲ್ಕತ್ತೆಯಿಂದ ಪುನಃ ಆರಂಭವಾಯಿತು. ಕೈಲಾಸ ಮಾನಸ ಸರೋವರದ ಯಾತ್ರೆಯೂ ಅದೇ ವರ್ಷ ಮತ್ತೆ ತೆರೆಯಿತು. ವ್ಯಾಪಾರಕ್ಕಾಗಿಯೂ ವ್ಯಾಸಂಗಕ್ಕಾಗಿಯೂ ನಮ್ಮವರು ಆ ದೇಶಕ್ಕೆ ಹೋಗಿಬರುವುದು ಇನ್ನು ಹೆಚ್ಚಾಗತಕ್ಕದ್ದೇ. ಗಡಿಯಲ್ಲಿ ನಮ್ಮ ಯೋಧರ ರಕ್ತ ಹರಿಸಿದ ರಾಜ್ಯದ ರೈಲಿನ ಗುಣಗಾನ ನಮಗೇಕೆ ಎಂದು ಕೆಲವು ವಾಚಕರು ಆಕ್ಷೇಪಿಸಬಹುದು. 2020ರ ಗಲ್ವಾನಿನ ಕಾಳಗವನ್ನು ನಾವು ಮರೆತಿಲ್ಲ. ಮರೆಯಬೇಕೆಂದು ಹೇಳುವವರೂ ಅಲ್ಲ. ಆದರೆ ನೆರೆಯವನೊಡನೆ ವ್ಯಾಜ್ಯವಿದೆಯೆಂದು ಅವನ ಹೊಲದ ಬೆಳೆಯನ್ನು ನೋಡದೆ ಕಣ್ಣು ಮುಚ್ಚಿಕೊಳ್ಳುವ ಒಕ್ಕಲಿಗನಿಗೆ ನಷ್ಟವೇ ಹೊರತು ಲಾಭವಿಲ್ಲ. ಗುಣವಿದ್ದಲ್ಲಿ ಗುಣವೆಂದೂ ದೋಷವಿದ್ದಲ್ಲಿ ದೋಷವೆಂದೂ ಹೇಳುವುದೇ ಸ್ವಾಭಿಮಾನವುಳ್ಳವರ ಲಕ್ಷಣ.

ಈ ರೈಲಿನ ಪೂರ್ವವೃತ್ತಾಂತವನ್ನು ತಿಳಿದಲ್ಲದೆ ಅದರ ಈಗಿನ ಸ್ಥಿತಿಯ ಬೆಲೆ ಗೊತ್ತಾಗುವುದಿಲ್ಲ. ಬೀಜಿಂಗಿನಲ್ಲಿ ಸುರಂಗ ತೋಡುವ ಕೆಲಸ 1965ರ ಜುಲೈ 1ರಂದು ಆರಂಭವಾಯಿತು. 1969ರ ಅಕ್ಟೋಬರ್ 1ರ ಹೊತ್ತಿಗೆ, ಎಂದರೆ ಜನತಾ ಗಣರಾಜ್ಯದ ಇಪ್ಪತ್ತನೆಯ ವಾರ್ಷಿಕೋತ್ಸವಕ್ಕೆ, ಮೊದಲನೆಯ ಮಾರ್ಗ ಸಿದ್ಧವಾಯಿತು. ಅದು ಕೇವಲ ಜನರ ಓಡಾಟಕ್ಕೆಂದು ಕಟ್ಟಿದ್ದಲ್ಲ. ಯುದ್ಧ ಬಂದಾಗ ನಗರದ ರಕ್ಷಣೆಗೆ ಒದಗಬೇಕೆಂಬುದೂ ಅದರ ಉದ್ದೇಶವಾಗಿತ್ತು. 1971ರ ಜನವರಿ 15ರಂದು ಪ್ರಯೋಗಾರ್ಥವಾಗಿ ಸಂಚಾರ ಆರಂಭವಾದಾಗ, ತಾನು ದುಡಿಯುವ ಸಂಸ್ಥೆಯಿಂದ ಪರಿಚಯಪತ್ರವನ್ನು ತಂದವನಿಗೆ ಮಾತ್ರ ಟಿಕೆಟ್ಟು ದೊರೆಯುತ್ತಿತ್ತು. ಸ್ವಂತ ಪ್ರಜೆಗೇ ಪತ್ರವಿಲ್ಲದೆ ಬಾಗಿಲು ತೆರೆಯದಿದ್ದ ಕಡೆ ಪರದೇಶಿಯ ಮಾತನ್ನು ಎತ್ತುವಂತೆಯೇ ಇರಲಿಲ್ಲ. ಪ್ರಯೋಗದ ಹೆಸರು ಕಳೆದು ಅದು ವಿಧಿವತ್ತಾಗಿ ಸಾರ್ವಜನಿಕ ವಾಹನವೆನಿಸಿಕೊಂಡದ್ದು 1981ರಲ್ಲಿ. ಅಲ್ಲಿಂದ ಮುಂದೆಯೂ ಬೆಳವಣಿಗೆ ಬಹಳ ನಿಧಾನ. 2001ರಲ್ಲಿ ಆ ಮಹಾನಗರಕ್ಕೆ ಇದ್ದದ್ದು ಎರಡೇ ಮಾರ್ಗಗಳು; ಎರಡರ ಉದ್ದ ಸೇರಿ 54 ಕಿಲೋಮೀಟರು.

ಆ ವರ್ಷವೇ 2008ರ ಒಲಿಂಪಿಕ್ ಕ್ರೀಡೆಗಳು ಬೀಜಿಂಗಿಗೆ ದೊರೆತವು. ಜಗತ್ತೇ ಮನೆಗೆ ಬರುವುದೆಂದು ಗೊತ್ತಾದ ಮೇಲೆ ಅಂಗಳ ಗುಡಿಸುವ ಗೃಹಸ್ಥನಂತೆ ಆ ನಗರ ಎಚ್ಚತ್ತುಕೊಂಡಿತು. 2008ರ ಜುಲೈ 19ರಂದು ಒಂದೇ ದಿನ ವಿಮಾನನಿಲ್ದಾಣದ ಮಾರ್ಗವೂ ಸೇರಿದಂತೆ ಮೂರು ಮಾರ್ಗಗಳನ್ನು ತೆರೆದರು. ಇಂದು ಆ ಜಾಲದ ಉದ್ದ 800 ಕಿಲೋಮೀಟರಿಗೂ ಮೇಲ್ಪಟ್ಟಿದೆ; ಕೆಲಸದ ದಿನಗಳಲ್ಲಿ ಸುಮಾರು ಒಂದು ಕೋಟಿ ಸಲ ಜನ ಹತ್ತಿ ಇಳಿಯುತ್ತಾರೆ. ಹಣವೂ ಅಧಿಕಾರವೂ ಒಂದೇ ಕೈಯಲ್ಲಿರುವ ರಾಜ್ಯದಲ್ಲಿ ಇಷ್ಟನ್ನು ಕಟ್ಟುವುದು ಅಸಾಧ್ಯವೇನಲ್ಲವೆಂದು ಕೆಲವರು ಹೇಳಬಹುದು. ಇರಬಹುದು. ಆದರೆ ಉದ್ದವಾಗಿ ಕಟ್ಟುವುದು ಬೇರೆ, ಅಪರಿಚಿತನಿಗೂ ತಿಳಿಯುವಂತೆ ಕಟ್ಟುವುದು ಬೇರೆ. ನಾವು ವಿಚಾರಮಾಡಬೇಕಾದುದು ಎರಡನೆಯದನ್ನು.

ಪರದೇಶಿಯು ನಿಲ್ದಾಣದ ಮೆಟ್ಟಿಲಿಳಿದೊಡನೆ ಅವನಿಗೆ ಎದುರಾಗುವುದು ತಪಾಸಣೆಯ ಯಂತ್ರ. 2008ರ ಕ್ರೀಡೆಗಳಿಗಾಗಿ ಬಂದ ಈ ಪದ್ಧತಿ ಕ್ರೀಡೆಗಳು ಮುಗಿದ ಮೇಲೂ ಉಳಿದುಕೊಂಡಿತು. ಕೈಚೀಲವನ್ನು ಪಟ್ಟಿಯ ಮೇಲಿಟ್ಟು ಆಚೆಯ ಬದಿಯಲ್ಲಿ ತೆಗೆದುಕೊಳ್ಳಬೇಕು. ಅದು ಮುಗಿದರೆ ಟಿಕೆಟ್ಟಿನ ಯಂತ್ರ. ಅದರಲ್ಲಿ ಇಂಗ್ಲಿಷ್ ಎಂದು ಬರೆದ ಗುಂಡಿಯನ್ನು ಒತ್ತಿ, ನಕ್ಷೆಯಲ್ಲಿ ಮಾರ್ಗವನ್ನೂ ನಿಲ್ದಾಣವನ್ನೂ ಮುಟ್ಟಿ ತೋರಿಸಿದರೆ ದರ ಕಾಣಿಸುತ್ತದೆ. 2007ರಿಂದ ಎಲ್ಲಿಂದ ಎಲ್ಲಿಗೆ ಹೋದರೂ ಎರಡೇ ಯುವಾನ್ ಎಂದಿದ್ದ ದರವನ್ನು 2014ರ ಡಿಸೆಂಬರ್ 28ರಿಂದ ದೂರಕ್ಕೆ ತಕ್ಕಂತೆ ಮಾಡಿದರು: 6 ಕಿಲೋಮೀಟರಿನವರೆಗೆ 3 ಯುವಾನ್, 12ರವರೆಗೆ 4, 22ರವರೆಗೆ 5, 32ರವರೆಗೆ 6, ಅಲ್ಲಿಂದ ಮುಂದೆ ಪ್ರತಿ 20 ಕಿಲೋಮೀಟರಿಗೆ ಒಂದೊಂದು. ವಿಮಾನನಿಲ್ದಾಣಗಳ ಮಾರ್ಗಗಳಿಗೆ ಮಾತ್ರ ಪ್ರತ್ಯೇಕ ದರ; ರಾಜಧಾನಿಯ ಹಳೆಯ ವಿಮಾನನಿಲ್ದಾಣದಿಂದ ಊರೊಳಕ್ಕೆ 25 ಯುವಾನ್. ಚೌಕಾಸಿಯಿಲ್ಲ, ಮೋಸವಿಲ್ಲ, ಮುಖ ನೋಡಿ ಮಣೆ ಹಾಕುವುದಿಲ್ಲ. ಹೊಸ ಊರಿನಲ್ಲಿ ಬಾಡಿಗೆ ಬಂಡಿಯವನೊಡನೆ ವಾದಿಸಿ ಸೋತ ಅನುಭವವುಳ್ಳವರಿಗೆ ಈ ಒಂದು ಸೌಕರ್ಯ ಎಷ್ಟು ದೊಡ್ಡದೆಂಬುದನ್ನು ವಿವರಿಸಬೇಕಾದುದಿಲ್ಲ.

ಒಳಗೆ ಹೋದ ಮೇಲೆ ಪರದೇಶಿಯನ್ನು ಕಾಪಾಡುವುದು ಮೂರು ಸಂಗತಿಗಳು: ಅಂಕಿ, ಬಣ್ಣ, ಅಕ್ಷರ. ಬಹುಪಾಲು ಮಾರ್ಗಗಳಿಗೆ ಹೆಸರಿನ ಬದಲು ಸಂಖ್ಯೆಯಿದೆ. ಪ್ರತಿಯೊಂದಕ್ಕೂ ತನ್ನದೇ ಬಣ್ಣವಿದೆ. ಪ್ರತಿ ನಿಲ್ದಾಣದಿಂದ ಹೊರಕ್ಕೆ ಹೋಗುವ ಬಾಯಿಗಳಿಗೆ ಎ, ಬಿ, ಸಿ, ಡಿ ಎಂಬ ರೋಮನ್ ಅಕ್ಷರಗಳಿವೆ. ಸಾವಿರಾರು ಚಿತ್ರಾಕ್ಷರಗಳ ಆ ಲಿಪಿಯಲ್ಲಿ ಒಂದನ್ನೂ ಅರಿಯದವನು "2" ಎಂಬುದನ್ನು ಓದಬಲ್ಲ, ನೀಲಿಯನ್ನು ಗುರುತಿಸಬಲ್ಲ. ಜಗತ್ತಿಗೆಲ್ಲ ಸಮಾನವಾದ ಆ ಅಂಕಿಗಳ ಮೂಲ ನಮ್ಮ ನಾಡೇ ಎಂಬುದನ್ನು ನೆನೆದಾಗ ನೆಲದಡಿಯಲ್ಲಿಯೂ ಒಂದು ಹಳೆಯ ಬಂಧುವನ್ನು ಕಂಡಂತಾಗುತ್ತದೆ. ಬಂಡಿಯೊಳಗೆ ಮುಂದಿನ ನಿಲ್ದಾಣದ ಹೆಸರನ್ನು ಚೀನೀ ಭಾಷೆಯಲ್ಲಿಯೂ ಆಮೇಲೆ ಇಂಗ್ಲಿಷಿನಲ್ಲಿಯೂ ಕೂಗಿ ಹೇಳುತ್ತಾರೆ. ಇವು ಯಾವುವೂ ಪವಾಡಗಳಲ್ಲ. ಕೋಟಿಗಟ್ಟಲೆ ವೆಚ್ಚದ ಯಂತ್ರಗಳೂ ಅಲ್ಲ. ಅರಿಯದವನು ಎಲ್ಲಿ ತಡವರಿಸುವನೆಂಬುದನ್ನು ಅರಿತವನೊಬ್ಬನು ಮುಂಚಿತವಾಗಿ ಕುಳಿತು ಯೋಚಿಸಿದ್ದರ ಫಲ.

ನಾವು ಈಚೆಗೆ ಕೆಲವು ದಿನ ಆ ನಗರದಲ್ಲಿದ್ದಾಗ ಈ ಏರ್ಪಾಟಿನ ಬೆಲೆಯನ್ನು ನಮ್ಮ ತಪ್ಪಿನಿಂದಲೇ ಕಲಿತೆವು. ಎರಡನೆಯ ಮಾರ್ಗವು ಹಳೆಯ ನಗರವನ್ನು ಬಳಸಿ ಬರುವ 23 ಕಿಲೋಮೀಟರಿನ ಒಂದು ವರ್ತುಲ. ಅದರಲ್ಲಿ ನಿಲ್ದಾಣಗಳು ಹದಿನೆಂಟು. ಚಿಯೆನ್‌ಮೆನ್ ಎಂಬಲ್ಲಿ ಹತ್ತಿ ಪಕ್ಕದ ಚೋಂಗ್‌ವೆನ್‌ಮೆನ್ ಎಂಬಲ್ಲಿ ಇಳಿಯಬೇಕಾಗಿದ್ದ ನಾವು ಫಲಕವನ್ನು ನೋಡದೆ ಜನರ ಹಿಂದೆ ಹೋಗಿ ಎದುರು ಬದಿಯ ಬಂಡಿಯನ್ನು ಹತ್ತಿಬಿಟ್ಟೆವು. ಪಕ್ಕದ ಬಾಗಿಲಿಗೆ ಹೊರಟವರು ಊರಿಗೇ ಪ್ರದಕ್ಷಿಣೆ ಹಾಕಿದಂತಾಯಿತು. ಒಂದು ನಿಲ್ದಾಣದ ಪ್ರಯಾಣಕ್ಕೆ ಹದಿನೇಳು ನಿಲ್ದಾಣಗಳನ್ನು ಸುತ್ತಿದೆವು. ಆದರೂ ಗಾಬರಿಯಾಗಲಿಲ್ಲ. ಬಾಗಿಲ ಮೇಲಿನ ಪಟ್ಟಿಯನ್ನು ನೋಡಿದೊಡನೆ ಎಲ್ಲಿದ್ದೇವೆ, ಎತ್ತ ಹೋಗುತ್ತಿದ್ದೇವೆ, ಇನ್ನೆಷ್ಟು ಉಳಿದಿದೆ ಎಂಬುದೆಲ್ಲ ತಿಳಿಯಿತು. ಸುಮಾರು ಮುಕ್ಕಾಲು ಗಂಟೆಯ ನಂತರ ಸೇರಬೇಕಾದಲ್ಲಿಗೆ ಸೇರಿದೆವು. ಹೊರಬೀಳುವಾಗ ಗೇಟಿನ ಯಂತ್ರವು ಮೂರು ಯುವಾನಿನ ಮೇಲೆ ಒಂದು ಕಾಸನ್ನೂ ಕೇಳಲಿಲ್ಲ. ತಪ್ಪು ಮಾಡಿದವನೂ ಕ್ಷೇಮವಾಗಿ ಮನೆ ಸೇರುವಂತೆ ಮಾಡುವುದೇ ಒಳ್ಳೆಯ ವ್ಯವಸ್ಥೆಯ ಗುರುತು. ತಪ್ಪದವರಿಗೆ ಮಾತ್ರ ಅನುಕೂಲವಾಗಿರುವ ವ್ಯವಸ್ಥೆ ಊರಿನವರಿಗೆ ಸಾಕಾದೀತು, ಹೊರಗಿನವನಿಗೆ ಸಾಲದು.

ಆ ಸುತ್ತಾಟದಲ್ಲಿ ನಮಗೆ ಇನ್ನೊಂದು ಲಾಭವಾಯಿತು. ಹದಿನೆಂಟು ನಿಲ್ದಾಣಗಳಲ್ಲಿ ಹನ್ನೊಂದರ ಹೆಸರು "ಮೆನ್" ಎಂದು ಮುಗಿಯುವುದನ್ನು ಕಂಡೆವು. ಮೆನ್ ಎಂದರೆ ಬಾಗಿಲು. ನಮ್ಮಲ್ಲಿ ಕೆರೆ, ಪಾಳ್ಯ, ಪೇಟೆ, ಹಳ್ಳಿ ಎಂಬ ನಾಲ್ಕು ಮಾತುಗಳನ್ನು ಕಲಿತವನಿಗೆ ಬೆಂಗಳೂರಿನ ಅರ್ಧ ನಕ್ಷೆ ಅರ್ಥವಾಗುವಂತೆ, ಅಲ್ಲಿ ದೋಂಗ್ ಎಂದರೆ ಪೂರ್ವ, ಶೀ ಎಂದರೆ ಪಶ್ಚಿಮ, ನಾನ್ ಎಂದರೆ ದಕ್ಷಿಣ, ಬೇಯ್ ಎಂದರೆ ಉತ್ತರ, ಮೆನ್ ಎಂದರೆ ಬಾಗಿಲು ಎಂದು ತಿಳಿದವನಿಗೆ ಆ ಊರು ತನ್ನ ಮೈಯನ್ನು ತೋರಿಸುತ್ತದೆ. ದೋಂಗ್‌ಝಿಮೆನ್ ಪೂರ್ವದ ಬದಿಯದು, ಶೀಝಿಮೆನ್ ಪಶ್ಚಿಮದ್ದು. ಈ ಒಂದು ಅಕ್ಷರದ ಭೇದವನ್ನು ಲಕ್ಷಿಸದ ಪ್ರಯಾಣಿಕ ಊರಿನ ಒಂದು ಅಂಚಿಗೆ ಹೋಗುವ ಬದಲು ಇನ್ನೊಂದಂಚಿನಲ್ಲಿ ಇಳಿದಾನು.

ಆದರೆ ಹೆಸರಿನಲ್ಲಿ ಬಾಗಿಲುಗಳಿರುವ ಆ ನಿಲ್ದಾಣಗಳಿಂದ ಮೇಲೆ ಬಂದು ನೋಡಿದರೆ ಬಾಗಿಲುಗಳೇ ಇಲ್ಲ! ಸುರಂಗಕ್ಕೆ ಮೇಲಿನಿಂದ ಕಂದಕ ತೋಡಬೇಕಾಗಿದ್ದುದರಿಂದ, ಮನೆಗಳನ್ನು ಕೆಡಹುವುದನ್ನು ತಪ್ಪಿಸುವುದಕ್ಕಾಗಿ, ಹಳೆಯ ನಗರದ ಕೋಟೆಗೋಡೆಯ ಸಾಲನ್ನೇ ಅದಕ್ಕೆ ಆರಿಸಿಕೊಂಡರು. ಗೋಡೆಯನ್ನು ಉಳಿಸಿ ಅದರ ಮೇಲೆ ಜನರಿಗೆ ಉದ್ಯಾನವನ್ನು ಮಾಡಬಹುದೆಂದು ಲಿಯಾಂಗ್ ಸಿಚೆಂಗ್ ಎಂಬ ಪ್ರಸಿದ್ಧ ವಾಸ್ತುಪಂಡಿತರು ಬಹುವಾಗಿ ವಾದಿಸಿದ್ದರು. ಅವರ ಮಾತು ನಡೆಯಲಿಲ್ಲ. ಶೀಝಿಮೆನ್ ದ್ವಾರವನ್ನು 1969ರಲ್ಲಿ ಕೆಡಹಿದರು. ಆ ಹನ್ನೊಂದು ಹೆಸರುಗಳಲ್ಲಿ ದ್ವಾರವು ಇಂದಿಗೂ ನಿಂತಿರುವುದು ಚಿಯೆನ್‌ಮೆನ್‌ನಲ್ಲಿ ಮಾತ್ರ. ಪ್ರಗತಿಗೆ ತೆತ್ತ ಬೆಲೆ ಇದು. ಕೋಟೆ ಹೋದರೂ ಹೆಸರು ಉಳಿಯಿತಲ್ಲಾ ಎಂದು ಸಮಾಧಾನಪಟ್ಟುಕೊಳ್ಳುವವರು ಪಡಲಿ. ಹೆಸರೊಂದನ್ನೇ ಉಳಿಸಿಕೊಂಡ ಊರುಗಳ ದುಃಖ ನಮಗೂ ಅಪರಿಚಿತವಲ್ಲ.

ಹೆಸರುಗಳ ವಿಚಾರದಲ್ಲಿಯೇ ಆ ನಗರದಲ್ಲಿ ಈಚೆಗೆ ಒಂದು ವಾದವೆದ್ದಿತು. ಅದು ನಮ್ಮವರು ಲಕ್ಷ್ಯಕೊಟ್ಟು ಕೇಳತಕ್ಕದ್ದು. 2022ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳಿಗೆ ಸ್ವಲ್ಪ ಮುಂಚೆ, 2021ರ ಕಡೆಯಲ್ಲಿ, ಫಲಕಗಳಲ್ಲಿದ್ದ "ಸ್ಟೇಷನ್" ಎಂಬ ಇಂಗ್ಲಿಷ್ ಮಾತನ್ನು ತೆಗೆದು "ಝಾನ್" ಎಂಬ ಚೀನೀ ಮಾತನ್ನು ರೋಮನ್ ಅಕ್ಷರಗಳಲ್ಲಿ ಬರೆಯತೊಡಗಿದರು. ಒಲಿಂಪಿಕ್ ಪಾರ್ಕ್ ಎಂಬುದರ ಜೊತೆಗೆ "ಆವೊಲಿನ್‌ಪಿಕೆ ಗೊಂಗ್‌ಯುವಾನ್" ಎಂಬುದು ಬಂದಿತು. ಚೀನೀಯರಿಗೆ ರೋಮನ್ ಅಕ್ಷರ ಬೇಕಿಲ್ಲ, ಪರದೇಶಿಗೆ "ಝಾನ್" ಅರ್ಥವಾಗದು. ಹಾಗಾದರೆ ಈ ಬರಹ ಯಾರಿಗಾಗಿ ಎಂದು ಅಲ್ಲಿಯ ಜನರೇ ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಆದರೆ ಇನ್ನೊಂದು ಮುಖವೂ ಉಂಟು. ಪರದೇಶಿಯು ಬೀದಿಯಲ್ಲಿ ನಿಂತು ಮುದುಕನೊಬ್ಬನನ್ನು "ಒಲಿಂಪಿಕ್ ಪಾರ್ಕ್ ಎಲ್ಲಿ" ಎಂದು ಕೇಳಿದರೆ ಆ ಮುದುಕನಿಗೆ ತಿಳಿಯುವುದು ಅನುಮಾನ. "ಗೊಂಗ್‌ಯುವಾನ್" ಎಂದು ತೊದಲಿದರೆ ತಿಳಿದೀತು. ಅರ್ಥ ಹೇಳುವ ಹೆಸರು ಕಣ್ಣಿಗೆ ಬೇಕು, ಉಚ್ಚಾರ ಹೇಳುವ ಹೆಸರು ಬಾಯಿಗೆ ಬೇಕು. ಒಂದನ್ನಿಟ್ಟು ಇನ್ನೊಂದನ್ನು ಕಿತ್ತುಹಾಕಿದರೆ ಕುಂಟಾಗುವುದು. ಎರಡನ್ನೂ ಬರೆಯುವಷ್ಟು ಜಾಗ ಯಾವ ಫಲಕದಲ್ಲಿಯೂ ಇದ್ದೇ ಇರುತ್ತದೆ.

ಇದರಲ್ಲಿ ನಾವು ಮೆಚ್ಚಿದ ಅಂಶವೊಂದಿದೆ. ವಾದವೆಷ್ಟೇ ಇರಲಿ, ಫಲಕದ ಮೊದಲ ಸಾಲಿನಲ್ಲಿ ದೊಡ್ಡದಾಗಿ ಇರುವುದು ಅವರದೇ ಲಿಪಿ. ಅತಿಥಿಗಾಗಿ ಕೆಳಗೆ ಚಿಕ್ಕದಾಗಿ ಇನ್ನೊಂದು ಸಾಲು. ತನ್ನ ಭಾಷೆಗೆ ಅಗ್ರಸ್ಥಾನ ಕೊಟ್ಟರೆ ಹೊರಗಿನವನಿಗೆ ಅಪಚಾರವಾಗುವುದೆಂದು ಅವರು ಅಂಜಿಲ್ಲ. ಹೊರಗಿನವನಿಗೆ ನೆರವಾದರೆ ತನ್ನ ಭಾಷೆಗೆ ಕುಂದೆಂದೂ ಭಾವಿಸಿಲ್ಲ. 2017ರಲ್ಲಿ ಬೆಂಗಳೂರಿನ ಮೆಟ್ರೋ ಫಲಕಗಳ ಭಾಷೆಯ ವಿಚಾರವಾಗಿ ಎದ್ದ ಚರ್ಚೆಯು ವಾಚಕರ ನೆನಪಿನಲ್ಲಿರಬಹುದು. ಮನೆಯ ಯಜಮಾನನ ಸ್ಥಾನವೂ ಅತಿಥಿಯ ಉಪಚಾರವೂ ಒಂದಕ್ಕೊಂದು ವಿರೋಧವಲ್ಲವೆಂಬುದನ್ನು ಬಲ್ಲವರಿಗೆ ಅಂತಹ ಚರ್ಚೆ ಬಹಳ ಹೊತ್ತು ಬೇಕಾಗುವುದಿಲ್ಲ.

ಇನ್ನು ದೋಷಗಳನ್ನು ಹೇಳದಿದ್ದರೆ ನ್ಯಾಯವಾಗದು. ಬೆಳಗಿನ ಕಚೇರಿಯ ಹೊತ್ತಿನಲ್ಲಿ ಕೆಲವು ನಿಲ್ದಾಣಗಳಲ್ಲಿ ಜನಸಂದಣಿಯನ್ನು ತಡೆಯುವುದಕ್ಕಾಗಿ ಹೊರಗೇ ಕಟಕಟೆಗಳನ್ನು ಹಾಕಿ ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ಬಿಡುತ್ತಾರೆ. ಮಾರ್ಗ ಬದಲಾಯಿಸುವುದಕ್ಕೆ ನಡೆಯಬೇಕಾದ ದೂರವೂ ಕೆಲವು ಕಡೆ ವಿಪರೀತ. ಶೀಝಿಮೆನ್ ಈ ವಿಷಯದಲ್ಲಿ ಹೆಸರಾದದ್ದು. ಮುದುಕರೂ ಮಂಡಿನೋವಿನವರೂ ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ರಾತ್ರಿ ಸುಮಾರು ಹನ್ನೊಂದು ಗಂಟೆಗೆ ಸಂಚಾರ ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಎಲ್ಲಿ ನೋಡಿದರೂ ಕಾಯುವ ಕಣ್ಣುಗಳು, ಛಾಯಾಯಂತ್ರಗಳು. ಕಳ್ಳರ ಭಯ ಕಡಿಮೆಯೆಂಬುದು ನಿಜ. ಆದರೆ ಕಾಪಾಡುವ ಕಣ್ಣಿಗೂ ಕಾವಲಿಡುವ ಕಣ್ಣಿಗೂ ಇರುವ ಅಂತರವನ್ನು ಸ್ವತಂತ್ರ ದೇಶದ ಪ್ರಜೆಯು ಮರೆಯಲಾಗದು. ಆ ದೇಶದ ಶಿಸ್ತನ್ನು ಮೆಚ್ಚುವವರು ಅದರ ಬೆಲೆಯನ್ನೂ ಕೇಳಿ ತಿಳಿಯಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಅಂಕಿ, ಬಣ್ಣ, ಅಕ್ಷರಗಳಿಂದ ಪರದೇಶಿಗೆ ತೆರೆದಿದ್ದ ಈ ಬಾಗಿಲು ಕಳೆದ ದಶಕದಲ್ಲಿ ಮತ್ತೆ ಅರ್ಧ ಮುಚ್ಚಿಕೊಂಡಿತು. ಮುಚ್ಚಿದ್ದು ಸರ್ಕಾರದ ಆಜ್ಞೆಯಲ್ಲ, ಸೌಕರ್ಯವೇ. ಚೀನೀಯರು ನೋಟು ನಾಣ್ಯಗಳನ್ನು ಬಿಟ್ಟು ಕೈಯಲ್ಲಿಯ ಮೊಬೈಲಿನಿಂದಲೇ ದುಡ್ಡು ಸಲ್ಲಿಸತೊಡಗಿದರು. ಅಲಿಪೇ, ವೀಚಾಟ್ ಎಂಬ ಎರಡು ಸಾಧನಗಳೇ ದೇಶದ ಕೈಚೀಲವಾದವು. ತರಕಾರಿಯವಳಿಂದ ಹಿಡಿದು ರೈಲಿನ ಗೇಟಿನವರೆಗೆ ಎಲ್ಲಕ್ಕೂ ಚೌಕದ ಗುರುತೊಂದನ್ನು ತೋರಿಸಿದರೆ ಸರಿ. ಊರಿನವನಿಗೆ ಇದು ಸ್ವರ್ಗ. ಆದರೆ ಅವಕ್ಕೆ ಆ ದೇಶದ ಬ್ಯಾಂಕಿನ ಖಾತೆಯೂ ಆ ದೇಶದ ದೂರವಾಣಿ ಸಂಖ್ಯೆಯೂ ಬೇಕೆಂದಾಗ ಅತಿಥಿಯ ಗತಿಯೇನು? ನಾವು ದಾರಿ ನೋಡುವುದಕ್ಕೆ ನಂಬಿಕೊಂಡಿರುವ ಗೂಗಲ್ಲಿನ ನಕ್ಷೆಯೂ ಅಲ್ಲಿಯ ಸಾಮಾನ್ಯ ಜಾಲದಲ್ಲಿ ತೆರೆಯದು. ಜೇಬಿನಲ್ಲಿ ದುಡ್ಡಿದ್ದೂ ಸಲ್ಲಿಸಲಾರದವನು, ಕೈಯಲ್ಲಿ ಮೊಬೈಲಿದ್ದೂ ದಾರಿ ಕಾಣದವನು ಪರದೇಶಿ ಎಂಬ ಮಾತಿನ ಎರಡನೆಯ ಅರ್ಥಕ್ಕೆ ಪರಿಪೂರ್ಣ ಉದಾಹರಣೆ.

ಆ ಅವಸ್ಥೆ ಪರದೇಶಿಗೆ ಮಾತ್ರ ಬಂದಿತೆಂದು ತಿಳಿಯಬಾರದು. ಆ ದೇಶದಲ್ಲಿಯೇ ಹುಟ್ಟಿ ಬೆಳೆದ, ಆದರೆ ಹೊಸ ಮೊಬೈಲನ್ನು ಬಳಸಲರಿಯದ ಮುದುಕ ಮುದುಕಿಯರಿಗೂ ಅದೇ ಪಾಡಾಯಿತು. ಮಹಾಮಾರಿಯ ಕಾಲದಲ್ಲಿ ಆರೋಗ್ಯದ ಗುರುತನ್ನು ಮೊಬೈಲಿನಲ್ಲಿ ತೋರಿಸದೆ ಎಲ್ಲಿಗೂ ಪ್ರವೇಶವಿಲ್ಲವೆಂದಾದಾಗ ಅವರ ಕಷ್ಟ ಎಲ್ಲರ ಕಣ್ಣಿಗೂ ಬಿತ್ತು. 2020ರ ನವೆಂಬರಿನಲ್ಲಿ ಅಲ್ಲಿಯ ರಾಜ್ಯಮಂಡಲಿಯೇ ವೃದ್ಧರಿಗೆ ಹೊಸ ಯಂತ್ರಗಳಿಂದಾಗುವ ತೊಂದರೆಯನ್ನು ನಿವಾರಿಸಬೇಕೆಂದು, ಹಳೆಯ ವಿಧಾನಗಳನ್ನೂ ಉಳಿಸಿಕೊಳ್ಳಬೇಕೆಂದು ಯೋಜನೆಯೊಂದನ್ನು ಹೊರಡಿಸಬೇಕಾಯಿತು. ನಾಣ್ಯವನ್ನು ನಿರಾಕರಿಸುವುದು ಕಾನೂನಿಗೆ ವಿರುದ್ಧವೆಂದು ಅಲ್ಲಿಯ ಕೇಂದ್ರ ಬ್ಯಾಂಕು ಸಾರಬೇಕಾಯಿತು. ಪರದೇಶಿಯ ಕಷ್ಟವೂ ಮನೆಯ ಹಿರಿಯನ ಕಷ್ಟವೂ ಒಂದೇ ಬೇರಿನಿಂದ ಹುಟ್ಟಿದವುಗಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪರದೇಶಿಗಳ ಸರದಿ ಸ್ವಲ್ಪ ತಡವಾಗಿ ಬಂದಿತು. 2020ರ ಮಾರ್ಚಿಯಲ್ಲಿ ಪರದೇಶಿಗಳ ಪ್ರವೇಶವನ್ನು ಬಹುಮಟ್ಟಿಗೆ ನಿಲ್ಲಿಸಿದ ಚೀನಾ ತನ್ನ ಬಾಗಿಲನ್ನು ಪುನಃ ತೆರೆದದ್ದು 2023ರ ಜನವರಿ 8ರಂದು. ತೆರೆದರೂ ಅತಿಥಿಗಳು ಹಿಂದಿನಂತೆ ಬರಲಿಲ್ಲ. ಆಗ ಅಧಿಕಾರಿಗಳು ಎಚ್ಚತ್ತರು. ಆ ವರ್ಷದಲ್ಲಿಯೇ ಪರದೇಶದ ಬ್ಯಾಂಕುಗಳ ಕಾರ್ಡನ್ನು ಅಲಿಪೇ, ವೀಚಾಟುಗಳಿಗೆ ಜೋಡಿಸುವುದಕ್ಕೆ ಅನುಕೂಲವಾಯಿತು. 2024ರ ಸೆಪ್ಟೆಂಬರಿನಲ್ಲಿ ಬೀಜಿಂಗಿನ ಸುರಂಗ ರೈಲಿನವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು: ಹೊರದೇಶದಲ್ಲಿ ಕೊಟ್ಟ ಮಾಸ್ಟರ್‌ಕಾರ್ಡ್, ವೀಸಾ ಕಾರ್ಡುಗಳನ್ನು ಗೇಟಿಗೆ ಮುಟ್ಟಿಸಿ ನೇರವಾಗಿ ಒಳಕ್ಕೆ ಹೋಗಬಹುದಾಯಿತು. ಟಿಕೆಟ್ಟಿಲ್ಲ, ಮೊಬೈಲಿಲ್ಲ, ನೋಂದಣಿಯಿಲ್ಲ. ಪರಿಚಯಪತ್ರವಿಲ್ಲದೆ ಸ್ವದೇಶದ ಕಾರ್ಮಿಕನನ್ನೂ ಒಳಕ್ಕೆ ಬಿಡದಿದ್ದ 1971ರ ಬಾಗಿಲು, ಹೆಸರನ್ನೂ ಕೇಳದೆ ಪರದೇಶಿಯ ಕಾರ್ಡಿಗೆ ತೆರೆದುಕೊಳ್ಳುವುದಕ್ಕೆ ಐವತ್ತಮೂರು ವರ್ಷಗಳು ಬೇಕಾದವು. ಇದನ್ನು ಆ ರಾಜ್ಯದ ಉದಾರತೆಯೆನ್ನಬೇಕೋ ವ್ಯಾಪಾರಬುದ್ಧಿಯೆನ್ನಬೇಕೋ ಎಂಬ ವಾದ ನಮಗೆ ಬೇಡ. ದಾಹಗೊಂಡವನಿಗೆ ನೀರು ಸಿಕ್ಕಿತೇ ಎಂಬುದು ಮುಖ್ಯ.

ಈ ವೃತ್ತಾಂತದಿಂದ ನಾವು ಗ್ರಹಿಸತಕ್ಕ ತತ್ವವಿಷ್ಟೆ. ಸಾರ್ವಜನಿಕ ಸೇವೆಗೆ ಒಂದೇ ಬಾಗಿಲಿರಬಾರದು. ಅತಿ ಹೊಸದಾದ ಬಾಗಿಲನ್ನು ತೆರೆಯುವ ಉತ್ಸಾಹದಲ್ಲಿ ಹಳೆಯದಕ್ಕೆ ಬೀಗ ಹಾಕಬಾರದು. ಮೊಬೈಲೂ ಇರಲಿ, ಕಾರ್ಡೂ ಇರಲಿ, ನೋಟನ್ನು ನುಂಗುವ ಯಂತ್ರವೂ ಇರಲಿ. ಇವು ಯಾವುವೂ ಕೈಗೂಡದವನಿಗಾಗಿ ಕಿಟಕಿಯ ಹಿಂದೆ ಒಬ್ಬ ಮನುಷ್ಯನೂ ಇರಲಿ. ಬೀಜಿಂಗು ಈ ನಾಲ್ಕನ್ನೂ ಇಟ್ಟುಕೊಂಡಿರುವಷ್ಟು ಮಟ್ಟಿಗೆ ಅದರ ರೈಲು ಪರದೇಶಿಗೆ ಸುಗಮವಾಗಿದೆ. ಇವುಗಳಲ್ಲಿ ಒಂದನ್ನೇ ನೆಚ್ಚಿಕೊಂಡ ದಿನಗಳಲ್ಲಿ ಅದು ಕಷ್ಟಕರವಾಗಿತ್ತು.

ಹೊರದೇಶದವನಿಗಾಗಿ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ, ನಮ್ಮ ಜನರ ಕಷ್ಟವೇ ಬೇಕಾದಷ್ಟಿದೆಯಲ್ಲಾ ಎಂದು ಕೇಳುವವರಿಗೆ ನಮ್ಮ ಉತ್ತರವನ್ನು ಹೇಳುತ್ತೇವೆ. ನಗರಕ್ಕೆ ಪರದೇಶಿಯಾದವನು ಸಮುದ್ರ ದಾಟಿ ಬಂದವನೊಬ್ಬನೇ ಅಲ್ಲ. ಆಸ್ಪತ್ರೆಯ ಕೆಲಸಕ್ಕಾಗಿ ಮೊದಲ ಸಲ ಬೆಂಗಳೂರಿಗೆ ಬಂದ ಬಳ್ಳಾರಿ ಸೀಮೆಯ ರೈತನು ಮೆಟ್ರೋ ನಿಲ್ದಾಣದ ಗೇಟಿನ ಮುಂದೆ ನಿಂತು, ಹಿಂದಿನಿಂದ ನುಗ್ಗುವ ಜನರ ಬೇಸರದ ಮಾತುಗಳನ್ನು ಕೇಳುತ್ತ, ಚೀಟಿಯನ್ನು ಎಲ್ಲಿ ಮುಟ್ಟಿಸಬೇಕೆಂದು ತಿಳಿಯದೆ ಕಣ್ಣು ಬಿಡುತ್ತಿರುವಾಗ ಅವನೂ ಪರದೇಶಿಯೇ; ಅದೂ ತನ್ನದೇ ರಾಜ್ಯದ ರಾಜಧಾನಿಯಲ್ಲಿ. 2011ರ ಅಕ್ಟೋಬರಿನಲ್ಲಿ ಆರಂಭವಾದ ನಮ್ಮ ಮೆಟ್ರೋ ಬೆಳೆಯುತ್ತಿರುವುದು ಸಂತೋಷದ ಸಂಗತಿ. 2025ರ ಆಗಸ್ಟಿನಲ್ಲಿ ತೆರೆದ ಬೊಮ್ಮಸಂದ್ರದ ಹಳದಿ ಮಾರ್ಗಕ್ಕೆ ಬಂಡಿಗಳನ್ನು ಒದಗಿಸುವ ಗುತ್ತಿಗೆ ಚೀನಾದ ಕಾರ್ಖಾನೆಯೊಂದಕ್ಕೇ ಸಂದಿತ್ತು. ಮೊದಲ ಬಂಡಿ ಅಲ್ಲಿಂದಲೇ ಬಂದದ್ದು. ಬಂಡಿಯನ್ನು ಹಣ ಕೊಟ್ಟು ತರಬಹುದು. ಅರಿಯದವನು ಎಲ್ಲಿ ತಡವರಿಸುವನೆಂದು ಮುಂಚಿತವಾಗಿ ಯೋಚಿಸುವ ಬುದ್ಧಿಯನ್ನು ಯಾವ ಕಾರ್ಖಾನೆಯೂ ಮಾಡಿ ಕಳುಹಿಸಲಾರದು. ಅದನ್ನು ನಾವೇ ಬೆಳೆಸಿಕೊಳ್ಳಬೇಕು. ಪರದೇಶಿಗೆ ಸುಲಭವಾದ ನಿಲ್ದಾಣ ಹಳ್ಳಿಯವನಿಗೂ ಸುಲಭ, ಮುದುಕನಿಗೂ ಸುಲಭ, ಓದು ಬಾರದವನಿಗೂ ಸುಲಭ. ಒಬ್ಬನಿಗೆಂದು ಹಾಕಿದ ಚಪ್ಪರದ ನೆರಳಿನಲ್ಲಿ ನಾಲ್ವರು ನಿಲ್ಲುವರು.

ಅಲ್ಲಿಗೆ ಹೋಗತಕ್ಕ ನಮ್ಮವರಿಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇವೆ. ಇಳಿಯುವ ಸ್ಥಳದ ಹೆಸರನ್ನೂ ತಂಗುವ ಹೋಟೆಲಿನ ಹೆಸರನ್ನೂ ಚೀನೀ ಲಿಪಿಯಲ್ಲಿ ಬರೆಸಿಕೊಂಡು ಜೇಬಿನಲ್ಲಿಡಿ. ಆ ಭಾಷೆಯಲ್ಲಿ ಸ್ವರದ ಏರಿಳಿತವೇ ಅರ್ಥವನ್ನು ಬದಲಿಸುವುದರಿಂದ ನಮ್ಮ ಉಚ್ಚಾರವನ್ನು ನಂಬುವುದಕ್ಕಿಂತ ಕಾಗದವನ್ನು ನಂಬುವುದು ಮೇಲು. ನಿಲ್ದಾಣದ ಹೆಸರಿನೊಡನೆ ಹೊರಬಾಯಿಯ ಅಕ್ಷರವನ್ನೂ ಗುರುತು ಹಾಕಿಕೊಳ್ಳಿ. ತಪ್ಪು ಬಾಯಿಯಿಂದ ಮೇಲೆ ಬಂದವನು ಅಗಲವಾದ ರಾಜಬೀದಿಯನ್ನು ದಾಟುವುದಕ್ಕೆ ಅರ್ಧ ಮೈಲಿ ನಡೆಯಬೇಕಾದೀತು. ಕಾರ್ಡಿದ್ದರೂ ಸ್ವಲ್ಪ ಚಿಲ್ಲರೆ ನೋಟು ಇರಲಿ, ರಹದಾರಿ ಸದಾ ಸಂಗಡವಿರಲಿ. ಬೆಳಿಗ್ಗೆ ಒಂಬತ್ತರ ನಂತರ ಹೊರಡಿ, ರಾತ್ರಿ ಹತ್ತಕ್ಕೆ ಮುಂಚೆ ಹಿಂದಿರುಗಿ. ವರ್ತುಲದ ಮಾರ್ಗದಲ್ಲಿ ಹತ್ತುವ ಮುನ್ನ ಬಾಣದ ಗುರುತನ್ನು ನೋಡಿ. ನಮ್ಮಂತೆ ವೃಥಾ ಪ್ರದಕ್ಷಿಣೆ ಮಾಡಬೇಡಿ.

ಅಲ್ಲಿಂದ ಹಿಂದಿರುಗಿದ ಮೇಲೆ, ನಮ್ಮ ಯಾವುದಾದರೊಂದು ನಿಲ್ದಾಣದಲ್ಲಿ ಫಲಕದ ಕಡೆಗೆ ಮುಖವೆತ್ತಿ ದಿಕ್ಕು ತೋಚದೆ ನಿಂತವನೊಬ್ಬನನ್ನು ಕಂಡಾಗ ಒಂದು ಕ್ಷಣ ನಿಂತು ದಾರಿ ತೋರಿಸಿ. ಅವನು ಪರದೇಶದವನಾಗಿರಲಿ, ಪಕ್ಕದ ತಾಲ್ಲೂಕಿನವನಾಗಿರಲಿ. ಆಮೇಲೆ, ಆ ಫಲಕವು ಅವನಿಗೆ ಏಕೆ ದಾರಿ ತೋರಿಸಲಿಲ್ಲವೆಂದು ಸಂಬಂಧಪಟ್ಟ ಅಧಿಕಾರಿಗಳಿಗೆ ಒಂದು ಪತ್ರವನ್ನು ಬರೆಯಿರಿ. ಮೊದಲನೆಯದು ದಯೆ; ಎರಡನೆಯದು ನಾಗರಿಕ ಧರ್ಮ. ದಯೆಯ ಅವಶ್ಯಕತೆಯನ್ನು ದಿನೇ ದಿನೇ ಕಡಿಮೆ ಮಾಡುವುದೇ ಒಳ್ಳೆಯ ಆಡಳಿತದ ಕೆಲಸ.